ಹಂಚಿನ ಮೇಲೆ ಎರಡು ದೋಸೆ

ಮೊನ್ನೆ ಹರಿಹರಕ್ಕೆ ಹೋದಾಗ ಅಪ್ಪಾಜಿ ಜೊತೆ ದಾವಣಗೆರೆಗೆ ಬೆಣ್ಣೆದೋಸೆ ತಿನ್ನೋಕೆ ಹೋಗಿದ್ದೆ. ಅಪ್ಪಾಜಿ ಅಲ್ಲಿನ ಒಂದು ಕಾಟನ್ ಮಿಲ್ಲಿನಲ್ಲಿ, ಅದು ಮುಚ್ಚೋವರೆಗೂ, ಹರಿದ ನೂಲಿಗೆ ಗಂಟು ಹಾಕ್ತಿದ್ದವರು. ಆ ಸಂಬಳದಲ್ಲೇ ನಾನು ಓದಿದ್ದು. ಆದ್ರೆ ಏನು ಓದ್ತೀನಿ ಅಂತ ಅವರಿಗೆ ನೆಟ್ಟಗೆ ಹೇಳೇ ಇರಲಿಲ್ಲ. "ಫಿಸಿಕ್ಸು" ಅಂದು ಜಾರಿಕೊಳ್ಳೋದು ನನ್ನ ಅಭ್ಯಾಸ :-)

"ಮಗ ಏನ್ ಮಾಡ್ತಾನ ಅಂತ ಕೇಳಿದೋರಿಗೆ ನಾನೇನ್ ಹೇಳ್ಲೋ?" ಅಂದ್ರು. ಚುರುಕ್ ಅಂತು.

ಎದುರಿಗೇ ದೊಡ್ಡ ಹಂಚು. ದೋಸೆ ಹುಯ್ಯೋರು ಪಕ್ಕಪಕ್ಕ ಹಿಟ್ಟು ಸುರಿದು, ಎರಡಕ್ಕೂ ಸೌಟನ್ನ ಒಂದೇ ದಿಕ್ಕಿಗೆ ತಿರುಗಿಸ್ತಿದ್ರು. "ನೋಡ್ರಿ ಅಪ್ಪಾಜಿ, ಎರಡು ದೋಸೆ ತಾಗೋ ಜಾಗದಲ್ಲಿ ಸೌಟು ಒಂದರಲ್ಲಿ ಆ ಕಡೆಗೆ, ಇನ್ನೊಂದರಲ್ಲಿ ಈ ಕಡೆಗೆ ಹೋಗಿರುತ್ತೆ."

2006ರಲ್ಲಿ ಪ್ರಕಟವಾದ, ಇಂಗ್ಲೆಂಡಿನ ವಲ್ಕನ್ ಲೇಸರಿನ ಪ್ರಯೋಗ ಇದೇ ಥರದ್ದು. ತೆಳು ಲೋಹದ ಹಾಳೆ ಮೇಲೆ, ಒಂದು ಮಿಲಿಮೀಟರಿಗೂ ಕಮ್ಮಿ ಅಂತರದಲ್ಲಿ ಎರಡು ಕಡೆ ಲೇಸರ್ ಹೊಡೆದ್ರು. ಲೋಹ ಕಾದು ಪ್ಲಾಸ್ಮಾ ಗುಳ್ಳೆಯಾಗಿ ಉಬ್ಬುತ್ತೆ. ಗುಳ್ಳೆ ಸುತ್ತ ತಾನಾಗೇ ಕಾಂತಕ್ಷೇತ್ರ ಹುಟ್ಟಿ ಬಳೆಯ ಹಾಗೆ ಸುತ್ತಿಕೊಳ್ಳುತ್ತೆ, ಅದೂ ನೂರು ಟೆಸ್ಲಾ ಹತ್ತಿರ (ಆಸ್ಪತ್ರೆಯ ಎಂಆರ್‌ಐ ಯಂತ್ರದ್ದು ಸಾಮಾನ್ಯವಾಗಿ 1.5). ಗುಳ್ಳೆಗಳು ತಾಗೋ ಕಡೆ ಎದುರುಬದುರು ದಿಕ್ಕಿನ ಬಲರೇಖೆಗಳು ಹರಿದು, ಇದರ ತುಂಡು ಅದಕ್ಕೆ, ಅದರ ತುಂಡು ಇದಕ್ಕೆ ಸೇರಿಕೊಳ್ಳುತ್ತೆ. ಕಾಂತೀಯ ಮರುಜೋಡಣೆ ಅಂದ್ರೆ ಇದೇ. ಸೂರ್ಯನ ಜ್ವಾಲೆಗಳ ಹಿಂದಿರೋದೂ ಇದೇ. 2024ರ ಮೇ ತಿಂಗಳಲ್ಲಿ ಲಡಾಖಿನ ಹಾನ್ಲೆಯಲ್ಲಿ ರಾತ್ರಿ ಆಕಾಶ ಕೆಂಪಾಗಿದ್ದು ಸೂರ್ಯನ ಅಂಥ ಸ್ಫೋಟಗಳಿಂದಲೇ. (ಬಲರೇಖೆ ನಿಜವಾದ ದಾರ ಅಲ್ಲ, ನಾವು ಲೆಕ್ಕಕ್ಕೆ ಎಳೆಯೋ ಗೆರೆ. ಇದನ್ನ ಅಪ್ಪಾಜಿಗೆ ಹೇಳಲಿಲ್ಲ, ಕ್ಷಮೆ ಇರಲಿ.)

"ಹರಿಯಾಕ ಎಷ್ಟು ಹೊತ್ತು ಬೇಕು?" ಅಂದ್ರು.

ತುತ್ತು ಕೈಯಲ್ಲೇ ಉಳೀತು. ಇಡೀ ಜಗಳ ಇರೋದೇ ಅಲ್ಲಿ! 1950ರ ದಶಕದ ಸ್ವೀಟ್-ಪಾರ್ಕರ್ ಲೆಕ್ಕದ ಪ್ರಕಾರ ಒಂದು ಸೌರಜ್ವಾಲೆಗೆ ತಿಂಗಳುಗಳೇ ಬೇಕು. ನಿಜದಲ್ಲಿ ನಿಮಿಷಗಳಲ್ಲಿ ಧಗ್ಗನೆ ಏಳುತ್ತೆ. ಯಾಕಿಷ್ಟು ಬೇಗ ಅಂತಲೇ ನಾನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕೋದು.

"ನೂಲು ಸುಮ್ಮಸುಮ್ನೆ ಹರಿಯಲ್ಲ. ಎಲ್ಲೋ ಒಂದ್ಕಡೆ ಸಣ್ಣ ಆಗಿರ್ತೈತಿ, ಅಲ್ಲಿ ನೋಡ್ರಿ" ಅಂದ್ರು ಅಪ್ಪಾಜಿ, ಚಟ್ನಿ ಬಳಿಯುತ್ತಾ. ನಾವು ನೋಡೋದೂ ಅಲ್ಲೇ: ನಡುವಿನ ವಿದ್ಯುತ್ ಪದರ ತೀರಾ ತೆಳುವಾದ್ರೆ ತಾನೇ ಚೂರುಚೂರಾಗುತ್ತೆ, ಆಗ ವೇಗ ಏರುತ್ತೆ. ಇದನ್ನ ಕಲಿಯೋಕೆ ನನಗೆ ಎರಡು ವರ್ಷ ಹಿಡಿದಿತ್ತು.

ವಾಪಸ್ ಬಸ್ಸಿನಲ್ಲಿ ಕೇಳಿದ್ರು, "ಲೇಸರ್ ಹೊಡೆದ ಹಾಳೆ ಆಮೇಲೆ ಏನಾಗ್ತೈತಿ?"

"ತೂತು ಬೀಳುತ್ತೆ. ಪ್ರತಿ ಸಲ ಹೊಸದು."

"ಯಾವ್ದರದ್ದು ಹಾಳೆ?"

"ಅಲ್ಯೂಮಿನಿಯಂ. ಕೆಲವು ಸಲ ಚಿನ್ನದ್ದು."

ಹರಿಹರ ಸ್ಟ್ಯಾಂಡ್ ಬರೋವರೆಗೂ ಅಪ್ಪಾಜಿ ಮಾತಾಡಲಿಲ್ಲ.