ಬ್ರಹ್ಮಸಮುದ್ರದ ಹಾದಿ ಮತ್ತು ಸೈಕಲ್ಲಿನ ಸರಪಳಿ

ಕಲ್ಯಾಣದುರ್ಗದಿಂದ ಪಶ್ಚಿಮಾಭಿಮುಖವಾಗಿ ಬ್ರಹ್ಮಸಮುದ್ರಕ್ಕೆ ಹೊರಟವನನ್ನು ಆಷಾಢಮಾಸದಲ್ಲಿ ಮೊದಲು ಎದುರುಗೊಳ್ಳುವುದು ಗಾಳಿಯೇ. ಸಹ್ಯಾದ್ರಿಯ ಆಚೆಗೇ ಮಳೆಯನ್ನೆಲ್ಲ ಸುರಿದು ಬರಿಗೈಯಲ್ಲಿ ಬರುವ ಈ ಗಾಳಿ ನಮ್ಮ ಅನಂತಪುರ ಜಿಲ್ಲೆಗೆ ಹನಿಗಿಂತ ಹೆಚ್ಚಾಗಿ ಧೂಳನ್ನೇ ತರುತ್ತದೆ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಕಾಣುವ ಸೀಮೆಯಿದು. ಇಕ್ಕೆಲಗಳಲ್ಲಿ ಶೇಂಗಾ ಬಿತ್ತನೆಗೆ ಹದಗೊಳಿಸಿದ ಕೆಂಪು ಹೊಲಗಳು, ನಡುನಡುವೆ ಬಂಡೆಗುಡ್ಡಗಳು, ದಾರಿಯ ಬದಿಯಲ್ಲಿ ಅಲ್ಲೊಂದು ಹುಣಿಸೆ, ಇಲ್ಲೊಂದು ಬೇವು. ಸೈಕಲ್ಲಿನವನಿಗೆ ಬೆಳಗಿನ ಪ್ರಯಾಣದಲ್ಲಿ ಸೀಟಿನ ಮೇಲೆ ಕುಳಿತಿರುವ ಭಾಗ್ಯ ಕಡಿಮೆ. ಎದ್ದು ನಿಂತು ತುಳಿಯಬೇಕು.

ಹೆಸರಿನಲ್ಲಿರುವ ‘ಸಮುದ್ರ’ವನ್ನು ಕೇಳಿ ಹೊಸಬರು ನಗುವುದುಂಟು. ನಮ್ಮ ಹಿರಿಯರು ಕೆರೆಯನ್ನೇ ಸಮುದ್ರವೆಂದು ಕರೆದು ತೃಪ್ತಿಪಟ್ಟವರು. ಆದರೂ ಈ ಮಂಡಲಕ್ಕೆ ನೀರಿನ ನಂಟು ಇಲ್ಲದಿಲ್ಲ. ಚಿಕ್ಕಮಗಳೂರಿನ ಗಿರಿಗಳಲ್ಲಿ ಹುಟ್ಟಿ, 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆಯ ವಾಣೀವಿಲಾಸ ಸಾಗರದಲ್ಲಿ ತಂಗಿ, ಚಳ್ಳಕೆರೆ ತಾಲ್ಲೂಕನ್ನು ಹಾದು ಬರುವ ವೇದಾವತಿಗೆ ಇಲ್ಲಿ ಭೈರವಾನಿತಿಪ್ಪೆಯ ಅಣೆಕಟ್ಟು ಅಡ್ಡನಿಂತಿದೆ. ಹಗರಿಯೆಂಬುದೂ ಈ ನದಿಯ ಹೆಸರೇ. ಬಹುತೇಕ ವರ್ಷಗಳಲ್ಲಿ ಅದರ ಪಾತ್ರದಲ್ಲಿ ನೀರಿಗಿಂತ ಮರಳೇ ಹೆಚ್ಚು. ಮಾರಿಕಣಿವೆಯಂತೂ 1933ರ ಅನಂತರ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ಹಿಂದೆ ಮದ್ರಾಸು ಪ್ರಾಂತ್ಯದಲ್ಲಿದ್ದ ಈ ಸೀಮೆ 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯಕ್ಕೆ ಸೇರಿತು. ನದಿಯೂ ನುಡಿಯೂ ಗಡಿಕಲ್ಲನ್ನು ಲೆಕ್ಕಿಸದೆ ಓಡಾಡಿಕೊಂಡಿವೆ. ಸಂತೆಯಲ್ಲಿ ತೆಲುಗು, ಅಡುಗೆಮನೆಯಲ್ಲಿ ಕನ್ನಡ ಎಂಬಂಥ ಮನೆಗಳು ನಮ್ಮಲ್ಲಿ ಹಲವು.

ಕಳೆದ ಆಷಾಢದ ಒಂದು ಶನಿವಾರ ನಾನು ಈ ಹಾದಿಯಲ್ಲಿ ಒಂದು ಸೈಕಲ್ಲನ್ನು ತಳ್ಳಿಕೊಂಡು ನಡೆದೆ. ಸೈಕಲ್ಲು ನನ್ನದಲ್ಲ. ನಮ್ಮ ಶಾಲೆಯಲ್ಲಿ ಐದನೆಯ ತರಗತಿ ಮುಗಿಸಿ, ಈಗ ಬ್ರಹ್ಮಸಮುದ್ರದ ಪ್ರೌಢಶಾಲೆಗೆ ಹೋಗಿಬರುವ ಒಬ್ಬ ಹುಡುಗಿಯದು. ಒಂದೇ ತಿಂಗಳಲ್ಲಿ ಅದರ ಚೈನು ಮೂರು ಬಾರಿ ಕಡಿದಿತ್ತು. ಮೂರನೆಯ ಸಲ ಗಾಳಿಗೆದುರಾಗಿ ಎದ್ದು ತುಳಿಯುತ್ತಿದ್ದಾಗಲೇ ಕಡಿದು, ಮಗು ಮುಗ್ಗರಿಸಿ ಬಿದ್ದು ಮೊಣಕೈ ಕಿತ್ತುಕೊಂಡಿತು. ಮನೆಯಲ್ಲಿ ಅಜ್ಜಿ ತೀರ್ಪು ಕೊಟ್ಟುಬಿಟ್ಟಿದ್ದರು: “ಓದಿದ್ದು ಸಾಕು, ಹೆಣ್ಣುಮಗು ದಾರೀಲಿ ಬಿದ್ದು ಸಾಯೋದು ಬ್ಯಾಡ.” ತಂದೆ ನನ್ನ ಬಳಿಗೆ ಬಂದು ತಲೆ ತಗ್ಗಿಸಿ ನಿಂತ. “ಮೇಷ್ಟ್ರೇ, ಎರಡು ಸಲ ರಿಪೇರಿ ಮಾಡಿಸಿದೆ. ಎರಡನೇ ಸಲ ಹೊಸ ಚೈನೇ ಹಾಕಿಸಿದೆ. ಅದೂ ಕಡೀತು. ಇನ್ನೇನು ಮಾಡ್ಲಿ?”

ವರ್ಷಾನುವರ್ಷ ಮಕ್ಕಳಿಗೆ ಸನ್ನೆ, ಚಕ್ರ, ಘರ್ಷಣೆಗಳ ಪಾಠ ಹೇಳಿದ ನಾನು ಆ ಪ್ರಶ್ನೆಗೆ ಉತ್ತರ ಹೇಳಲಾರದೆ ಹೋದೆ. ನಾಚಿಕೆಯಾಯಿತು. ಸೈಕಲ್ಲನ್ನು ಬ್ರಹ್ಮಸಮುದ್ರಕ್ಕೆ ಒಯ್ದು ತೋರಿಸೋಣವೆಂದು ಅವನನ್ನೂ ಕರೆದುಕೊಂಡು ಹೊರಟೆ.

ಬೇವಿನ ಮರದಡಿಯ ಆ ಸೈಕಲ್ ಶಾಪಿನಲ್ಲಿ ಇದ್ದದ್ದು ಪಂಕ್ಚರಿನ ನೀರಿನ ಬೋಗುಣಿ, ನೇತುಹಾಕಿದ ಹಳೆಯ ಟ್ಯೂಬುಗಳು, ಒಂದು ಕಲ್ಲುಚಪ್ಪಡಿ, ಮತ್ತು ಅದರ ಹಿಂದೆ ಕುಳಿತ ವೃದ್ಧ ಕುಶಲಕರ್ಮಿ. ಆತ ಕಡಿದ ಚೈನನ್ನು ಚಪ್ಪಡಿಯ ಮೇಲೆ ಹಾಸಿ, ತುದಿಯನ್ನು ಕಣ್ಣಿನ ಹತ್ತಿರ ಹಿಡಿದು, “ಇದು ಭಾರಕ್ಕೆ ಕಡಿದಿದ್ದಲ್ಲ ಸ್ವಾಮಿ. ಕೂಡಿಸಿದ ಜಾಗದಾಗೇ ಬಿಟ್ಟೈತೆ” ಎಂದರು.

ಆ ಮಾತನ್ನು ನಾನು ಅಲ್ಲಿಯೇ ಸೀಮೆಸುಣ್ಣದಲ್ಲಿ ಲೆಕ್ಕ ಹಾಕಿ ನೋಡಿದೆ. ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಅಂಗುಲ. ಮುಂದಿನ ಹಲ್ಲುಚಕ್ರಕ್ಕೆ 48 ಹಲ್ಲು. ಎಂದರೆ ಸುತ್ತಳತೆ 24 ಅಂಗುಲ, ತ್ರಿಜ್ಯ ಸುಮಾರು 3.8 ಅಂಗುಲ. ಪೆಡಲಿನ ತೋಳು ಆರೂವರೆ ಅಂಗುಲ. 60 ಕಿಲೋಗ್ರಾಂ ತೂಕದವನು ಒಂದೇ ಪೆಡಲಿನ ಮೇಲೆ ಪೂರ್ಣವಾಗಿ ನಿಂತರೂ ಚೈನಿನ ಮೇಲೆ ಬೀಳುವ ಎಳೆತ ಸುಮಾರು 100 ಕಿಲೋಗ್ರಾಂ. ಮಾನದಂಡಕ್ಕೆ ಒಪ್ಪುವ ಹೊಸ ಚೈನಾದರೋ ಸುಮಾರು 800 ಕಿಲೋಗ್ರಾಂ ಎಳೆತವನ್ನು ತಡೆಯಬಲ್ಲದು. ಹಾಗಿರುವಾಗ ಹನ್ನೊಂದು ವರ್ಷದ ಮಗುವಿನ ಭಾರಕ್ಕೆ ಅದೇಕೆ ಕಡಿದೀತು?

ಉತ್ತರ ಅದರ ರಚನೆಯಲ್ಲಿದೆ. ಒಳತಗಡು, ಹೊರತಗಡು, ಅವುಗಳನ್ನು ಪೋಣಿಸುವ ಪಿನ್ನು, ಪಿನ್ನಿನ ಸುತ್ತ ಒಂದು ತೋಡು, ತೋಡಿನ ಮೇಲೆ ಉರುಳುವ ಗಾಲಿ: ಈ ಐದು ಅಂಗಗಳ ವ್ಯವಸ್ಥೆಯನ್ನು 1880ರಲ್ಲಿ ಮ್ಯಾಂಚೆಸ್ಟರಿನಲ್ಲಿ ರೂಪಿಸಿದವರು ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಹ್ಯಾನ್ಸ್ ರೆನಾಲ್ಡ್. ಐದು ವರ್ಷಗಳ ತರುವಾಯ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿಯವರ ‘ರೋವರ್’ ಸೈಕಲ್ಲು, ಹಿಂದಿನ ಚಕ್ರವನ್ನು ಚೈನಿನಿಂದ ಓಡಿಸುವ ಕ್ರಮವನ್ನು ಲೋಕಪ್ರಿಯಗೊಳಿಸಿತು. ಸೈಕಲ್ ಅಂಗಡಿಯವರೇ ಆಗಿದ್ದ ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನದ ರೆಕ್ಕೆಗಾಲಿಗಳನ್ನು ತಿರುಗಿಸಿದ್ದೂ ಚೈನೇ. ಈ ಮಾತಿಗೆ ವೃದ್ಧರು, “ಅವರೂ ನಮ್ಮ ಕಸುಬಿನವರೇ ಅನ್ನಿ!” ಎಂದು ನಕ್ಕರು.

ಕಾರ್ಖಾನೆಯಲ್ಲಿ ಪಿನ್ನಿನ ಎರಡೂ ತುದಿಗಳನ್ನು ಅದುಮಿ ಹೊರತಗಡಿಗೆ ಬಿಗಿದಿರುತ್ತಾರೆ. ಉದ್ದ ತಗ್ಗಿಸಲೆಂದು ಮೊಳೆ-ಸುತ್ತಿಗೆಗಳಿಂದ ಆ ಪಿನ್ನನ್ನು ಹೊರದೂಡಿ, ಮತ್ತೆ ಅದನ್ನೇ ಬಡಿದು ಕೂರಿಸಿದರೆ ತುದಿಯ ಅರಳು ಸವೆದು ಹಿಡಿತ ತಪ್ಪುತ್ತದೆ. ಕೆಲವು ದಿನ ನಡೆದು, ಒಂದು ದಿನ ಪಕ್ಕಕ್ಕೆ ಎಳೆತ ಬಿದ್ದಾಗ ಹೊರತಗಡು ಜಾರುತ್ತದೆ. ಹೆಸರು ಹೇಳುವ ಅಗತ್ಯವಿಲ್ಲದ ಒಂದು ಅಂಗಡಿಯಲ್ಲಿ ಎರಡು ಸಲವೂ ನಡೆದದ್ದು ಇದೇ.

ಮೊದಲನೆಯ ಸಲ ಕಡಿದ ಹಳೆಯ ಚೈನಿಗೆ ಕಾರಣ ಬೇರೆ. ಚೈನು ‘ಉದ್ದವಾಯಿತು’ ಎನ್ನುತ್ತೇವಲ್ಲ, ಆಗ ತಗಡೇನೂ ಹಿಗ್ಗಿರುವುದಿಲ್ಲ. ಪ್ರತಿಯೊಂದು ಪಿನ್ನೂ ತೋಡೂ ಕೂದಲೆಳೆಯಷ್ಟು ಸವೆದು, ಆ ಎಳೆಗಳೆಲ್ಲ ಒಟ್ಟುಗೂಡಿರುತ್ತವೆ. ಇದನ್ನು ಅಳೆಯಲು ಮಕ್ಕಳ ಅಡಿಪಟ್ಟಿ ಸಾಕು. ಚೈನನ್ನು ಬಿಗಿಯಾಗಿ ಹಿಡಿದು ಒಂದು ಪಿನ್ನಿನ ನಡುವಿಗೆ ಸೊನ್ನೆಯನ್ನಿಟ್ಟರೆ ಇಪ್ಪತ್ತನಾಲ್ಕನೆಯ ಪಿನ್ನಿನ ನಡು ಸರಿಯಾಗಿ 12 ಅಂಗುಲಕ್ಕೆ ಬರಬೇಕು. ಅಂಗುಲದ ಹದಿನಾರನೆಯ ಒಂದು ಭಾಗ ಮುಂದೆ ಸರಿದಿದ್ದರೆ ಬದಲಾಯಿಸುವ ಕಾಲ. ಎಂಟನೆಯ ಒಂದು ಭಾಗ ಸರಿದಿದ್ದರೆ ಕಾಲ ಮೀರಿದೆ, ಅಷ್ಟರಲ್ಲಿ ಹಲ್ಲುಗಳೂ ಸವೆದಿರುತ್ತವೆ. ಬಾಗಿ ಚೂಪಾದ ಹಲ್ಲುಗಳ ಮೇಲೆ ಎಂತಹ ಹೊಸ ಚೈನೂ ಹಾರುತ್ತದೆ, ಬೇಗ ಕೆಡುತ್ತದೆ. ನಾವು ಒಯ್ದ ಸೈಕಲ್ಲಿನ ಫ್ರೀವೀಲಿನ ಹಲ್ಲುಗಳು ಮುಳ್ಳಿನಂತಾಗಿದ್ದವು.

ಸವೆತ ಬಂದದ್ದೆಲ್ಲಿಂದ? ವಿಚಾರಿಸಿದಾಗ ತಂದೆ ಮೆಲ್ಲಗೆ ಹೇಳಿದ. ರಜೆಯ ದಿನಗಳಲ್ಲಿ ಆತ ಅದೇ ಸೈಕಲ್ಲಿನ ಮೇಲೆ ಜಲಾಶಯದ ಅಂಚಿನಿಂದ ಹಸಿಹುಲ್ಲಿನ ಹೊರೆ ತರುತ್ತಿದ್ದ. ನೀರು ಚೈನಿಗೆ ತುಕ್ಕು ತಂದಿತು. ಮರಳು ಪಿನ್ನಿನ ಸಂದಿಗೆ ಸೇರಿ ಅರದಂತೆ ಉಜ್ಜಿತು. ಅದರ ಮೇಲೆ ಮನೆಯ ಶೇಂಗಾ ಎಣ್ಣೆ! ಅಡುಗೆಯ ಎಣ್ಣೆ ಕೆಲವೇ ದಿನಗಳಲ್ಲಿ ಅಂಟಾಗಿ ಧೂಳನ್ನೆಲ್ಲ ಹಿಡಿದಿಡುತ್ತದೆ. ಬಟ್ಟೆಗೆ ಸೀಮೆಎಣ್ಣೆಯನ್ನೋ ಡೀಸೆಲನ್ನೋ ಹಚ್ಚಿ ಒರೆಸಿ, ಒಣಗಿಸಿ, ಗಾಲಿಗೊಂದು ಹನಿ ತೆಳುವಾದ ಯಂತ್ರದ ಎಣ್ಣೆ ಬಿಟ್ಟು, ಹೊರಗಿನದನ್ನು ಒರೆಸಿಬಿಡಬೇಕು. ಎಣ್ಣೆ ಬೇಕಾದದ್ದು ಒಳಗೆ; ಹೊರಗೆ ನಿಂತ ಎಣ್ಣೆ ಮರಳಿಗೆ ಆಹ್ವಾನ.

ಹೊಸ ಚೈನನ್ನು ಆರಿಸುವಾಗ ವೃದ್ಧರು ಅನುಸರಿಸಿದ ಕ್ರಮವನ್ನು ವಾಚಕರ ಉಪಯೋಗಕ್ಕಾಗಿ ಹೇಳುತ್ತೇನೆ. ಗೇರಿಲ್ಲದ ನಮ್ಮ ಸಾಧಾರಣ ಸೈಕಲ್ಲಿಗೆ ಅರ್ಧ ಅಂಗುಲ ಅಂತರ, ಅಂಗುಲದ ಎಂಟನೆಯ ಒಂದು ಭಾಗ ಒಳ ಅಗಲದ ಚೈನೇ ಬೇಕು. ಗೇರಿನ ಸೈಕಲ್ಲಿನ ಕಿರಿದಾದ ಚೈನು ಹಲ್ಲಿನ ಮೇಲೆ ಕೂರುವುದಿಲ್ಲ. ಪೊಟ್ಟಣದ ಮೇಲಿನ ಹೆಸರು ತಗಡುಗಳ ಮೇಲೂ ಒತ್ತಿರಬೇಕು; ಪೊಟ್ಟಣ ಹೆಸರಾಂತದ್ದು, ತಗಡು ಬೋಳು ಎಂದಾದರೆ ನಕಲಿಯೆಂದು ಸಂಶಯಿಸಬೇಕು. ಪ್ರತಿ ಕೊಂಡಿಯೂ ಸಲೀಸಾಗಿ ಮಡಿಯಬೇಕು, ಪ್ರತಿ ಗಾಲಿಯೂ ಉರುಳಬೇಕು, ಪಿನ್ನಿನ ತಲೆಗಳು ಒಂದೇ ಸಮನಾಗಿ ಕಾಣಬೇಕು. ಅಡ್ಡಲಾಗಿ ಹಿಡಿದಾಗ ಹಗ್ಗದಂತೆ ಜೋತುಬೀಳುವ ಚೈನು ಹೊಸದಾದರೂ ಸಡಿಲವೇ. ಅಗ್ಗದ ಚೈನಿಗೂ ಒಳ್ಳೆಯದಕ್ಕೂ ಬೆಲೆಯ ವ್ಯತ್ಯಾಸ ಒಂದು ದಿನದ ಕೂಲಿಯಷ್ಟೂ ಇರಲಿಲ್ಲ.

ಫ್ರೀವೀಲು ಬದಲಾಯಿತು. ಚೈನನ್ನು ಕೂಡಿಸಲು ಬಡಿದ ಪಿನ್ನಿನ ಬದಲು ಚೈನ್ ಲಾಕನ್ನೇ ಹಾಕಿದರು. ಅದರ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಸಾಗುವ ದಿಕ್ಕಿಗಿರಬೇಕು; ತಿರುವುಮುರುವಾದರೆ ಎಲ್ಲಿಯಾದರೂ ತಗುಲಿ ಕಳಚೀತು. ನಡುವೆ ಬೆರಳಿನಿಂದ ಎತ್ತಿ ಅದುಮಿದರೆ ಅರ್ಧ ಅಂಗುಲದಷ್ಟು ಆಟವಿರುವಂತೆ ಹಿಂದಿನ ಚಕ್ರವನ್ನು ಸರಿಸಿ ಬಿಗಿದರು. ತಂದೆ ಹಣ ಎಣಿಸಿ ಕೊಟ್ಟು, “ಮೊದಲೇ ನಿಮ್ಮ ಹತ್ರ ಬರಬೇಕಾಗಿತ್ತು ತಾತ” ಎಂದ. “ನಾನು ಮಾಡಿದ್ದೇನೈತೆ? ಅಳತೆ ನೋಡೋದನ್ನ ಕಲೀರಿ, ವರ್ಷಕ್ಕೊಂದು ಸಲ ಬಂದ್ರೆ ಸಾಕು” ಎಂಬ ಉತ್ತರ ಬಂತು.

ಹಿಂದಿರುಗುವಾಗ ಗಾಳಿ ಬೆನ್ನಿಗಿತ್ತು. ತಂದೆ ತುಳಿದ, ನಾನು ಕ್ಯಾರಿಯರಿನ ಮೇಲೆ ಕುಳಿತೆ. ಚೈನು ಸದ್ದಿಲ್ಲದೆ ಓಡಿತು. ಮನೆಯ ಅಂಗಳದಲ್ಲಿ ಅಜ್ಜಿಯ ಎದುರಿಗೇ ಹುಡುಗಿಗೆ ಅಡಿಪಟ್ಟಿ ಕೊಟ್ಟು ಅಳೆಯಿಸಿದೆ. “ಸರಿಯಾಗಿ ಹನ್ನೆರಡು, ಸಾರ್” ಎಂದಳು. ಅಜ್ಜಿ ತಾನೂ ಬಾಗಿ ನೋಡಿ, ಏನೂ ಹೇಳದೆ ಒಳಗೆ ಹೋದರು. ಸೋಮವಾರ ಬೆಳಿಗ್ಗೆ ಶಾಲೆಯ ಬಾಗಿಲು ತೆರೆಯುತ್ತಿದ್ದಾಗ ಆ ಸೈಕಲ್ಲು ಗಾಳಿಗೆದುರಾಗಿ ಬ್ರಹ್ಮಸಮುದ್ರದ ಕಡೆಗೆ ಹೋಯಿತು. ಮಗು ಎದ್ದು ನಿಂತೇ ತುಳಿಯುತ್ತಿದ್ದಳು. ಪ್ರತಿ ತಿಂಗಳ ಮೊದಲನೆಯ ಭಾನುವಾರ ಅವಳ ತಂದೆ ಹುಲ್ಲಿನ ಹೊರೆ ಇಳಿಸಿದೊಡನೆ ಚೈನನ್ನು ಒರೆಸಿ, “ಎಷ್ಟು ಬಂತಮ್ಮಾ?” ಎಂದು ಕೇಳುತ್ತಾನೆ. ಹದಿನಾರರ ಗೆರೆಗೆ ಇನ್ನೂ ದೂರವಿದೆಯಂತೆ.