ಅಕ್ಕನ ಹಸಿರು ಕಾರ್ಡು

ಮಾರ್ಚ್ ಬಂತೆಂದರೆ ನಮ್ಮಂಥ ಬ್ಯಾಂಕಿನವರಿಗೆ ಊಟಕ್ಕೂ ಪುರುಸೊತ್ತಿರೋದಿಲ್ಲ. ಹೇಗೋ ಮೂವತ್ತೊಂದನೇ ತಾರೀಖು ದಾಟಿ ಉಸಿರು ಬಿಡುವಷ್ಟರಲ್ಲಿ ನನಗೆ ಇನ್ನೊಂದು ಮಾರ್ಚ್ ಶುರುವಾಗುತ್ತದೆ. ಅದು ಭಾವನ ಅಮೆರಿಕದ ತೆರಿಗೆ.

ನಾನು ಧಾರವಾಡದಲ್ಲಿ ಬಿ.ಕಾಂ. ಮಾಡಿ, ನೌಕರಿ ಹಿಡಿದು ಪುಣೆಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಎರಡು ವರ್ಷ ಇದ್ದು ಹುಬ್ಬಳ್ಳಿಗೆ ವರ್ಗ ಮಾಡಿಸಿಕೊಳ್ಳೋಣ ಅಂತ ಬಂದವನು ಕೋಥ್ರೂಡಿನಲ್ಲೇ ಉಳಿದುಬಿಟ್ಟೆ. ಅಕ್ಕ-ಭಾವ ಇನ್ನೂ ದೂರ ಹೋದವರು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ನ್ಯೂಜೆರ್ಸಿಯಲ್ಲಿದ್ದು 2014ರಲ್ಲಿ ತಿರುಗಿ ಬಂದರು. ತಮ್ಮ ಇದ್ದಾನೆ ಅಂತ ಅವರೂ ಪುಣೆಯಲ್ಲೇ ಮನೆ ಮಾಡಿದರು.

ಭಾವ ಅಲ್ಲಿನ ಪ್ರಜೆ. ಅಮೆರಿಕದ ಪ್ರಜೆ ಎಲ್ಲೇ ವಾಸವಿರಲಿ, ಆದಾಯ ಮಿತಿ ದಾಟಿದರೆ ಪ್ರತಿವರ್ಷ ಅಲ್ಲಿಗೆ ಲೆಕ್ಕ ಒಪ್ಪಿಸಲೇಬೇಕು. ಏಪ್ರಿಲ್ 15 ಗಡುವು. ಹೊರದೇಶದಲ್ಲಿರುವವರಿಗೆ ಜೂನ್ 15ರ ತನಕ ರಿಯಾಯಿತಿ. ಅವರ ವರ್ಷ ಜನವರಿಯಿಂದ ಡಿಸೆಂಬರ್, ನಮ್ಮದು ಏಪ್ರಿಲ್‌ನಿಂದ ಮಾರ್ಚ್. ಹಾಗಾಗಿ ಎಫ್.ಡಿ. ಬಡ್ಡಿಯನ್ನು ಎರಡು ವರ್ಷದ ಸ್ಟೇಟ್‌ಮೆಂಟಿನಿಂದ ಕತ್ತರಿಸಿ ಜೋಡಿಸುವ ಕೆಲಸ ನನ್ನ ಪಾಲಿಗೆ. ಇಲ್ಲಿ ತೆರಿಗೆಯೇ ಇಲ್ಲದ ಪಿ.ಪಿ.ಎಫ್. ಬಡ್ಡಿಯನ್ನೂ ಅಲ್ಲಿ ತೋರಿಸಬೇಕು. ಇಲ್ಲಿನ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಅದಕ್ಕೆ ಬೇರೆ ಫಾರ್ಮು.

ಅಕ್ಕ ಮಾತ್ರ ಪ್ರಜೆಯಾಗಲಿಲ್ಲ. "ನಮ್ಮ ಪಾಸ್‌ಪೋರ್ಟ್ ಬಿಟ್ಟಕೊಡೋದು ಆಗೂದಿಲ್ಲ" ಅಂತ ಹಸಿರು ಕಾರ್ಡಿನಲ್ಲೇ ಇದ್ದಳು. ಆ ಕಾರ್ಡಿನ ಅವಧಿ 2016ರಲ್ಲಿ ಮುಗಿಯಿತು. ಅದನ್ನು ಗೋದ್ರೇಜ್ ಕಪಾಟಿನಲ್ಲಿ ರೇಷ್ಮೆ ಸೀರೆಗಳ ಕೆಳಗಿಟ್ಟು ಎಲ್ಲರೂ ಮರೆತೆವು.

ಇಲ್ಲಿ ನನ್ನ ತಪ್ಪು ಒಪ್ಪಿಕೊಳ್ಳಬೇಕು. 2010ರಲ್ಲಿ ಅಮೆರಿಕ ಫಾಟ್ಕಾ ಅನ್ನುವ ಕಾನೂನು ತಂದಿತು. 2015ರ ಜುಲೈನಲ್ಲಿ ನಮ್ಮ ಸರ್ಕಾರವೂ ಅದಕ್ಕೆ ಒಪ್ಪಂದ ಮಾಡಿಕೊಂಡಿತು. ಆಮೇಲೆ ಬ್ಯಾಂಕುಗಳಲ್ಲಿ ಗ್ರಾಹಕರಿಂದ 'ಬೇರೆ ದೇಶದ ತೆರಿಗೆ ನಿವಾಸಿಯೇ?' ಅಂತ ಬರೆಸಿಕೊಳ್ಳುವ ಗಡಿಬಿಡಿ. ನೂರಾರು ಜನರಿಂದ ಸಹಿ ಹಾಕಿಸಿದವನು ನಾನು. ಅಕ್ಕನಿಗೂ ನಾನೇ, "ಕಾರ್ಡಿನ ಅವಧಿ ಮುಗದದಲ್ಲ, ಇಲ್ಲ ಅಂತ ಬರಿ" ಅಂದೆ. ಅವಳು ಬರೆದಳು. ಭಾವನೂ 2017ರಿಂದ ಅವಳನ್ನು ಬಿಟ್ಟು ತನ್ನೊಬ್ಬನದೇ ರಿಟರ್ನ್ ಹಾಕತೊಡಗಿದ.

2022ರಲ್ಲಿ ಮಗಳ ಬಾಣಂತನಕ್ಕೆ ಹೋಗಬೇಕೆಂದು ಅಕ್ಕ ಪ್ರವಾಸಿ ವೀಸಾಕ್ಕೆ ಹೊರಟಾಗ ಬಣ್ಣ ಬಯಲಾಯಿತು. ಕಾರ್ಡಿನ ಅವಧಿ ಮುಗಿದರೆ ತೆರಿಗೆಯ ಲೆಕ್ಕದಲ್ಲಿ ಏನೂ ಮುಗಿಯುವುದಿಲ್ಲ! ಐ-407 ಅನ್ನುವ ಫಾರ್ಮ್ ತುಂಬಿ, ಕಾರ್ಡನ್ನು ಅವರಿಗೆ ತಿರುಗಿ ಒಪ್ಪಿಸುವ ತನಕ ಇಡೀ ಪ್ರಪಂಚದ ಆದಾಯಕ್ಕೆ ಅಲ್ಲಿ ಲೆಕ್ಕ ಕೊಡಬೇಕು. ಪುಣೆಯಲ್ಲಿ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದ ನಮ್ಮಕ್ಕ ಅಷ್ಟೂ ವರ್ಷ ಅಮೆರಿಕದ ಕಾಗದದಲ್ಲಿ ಅಲ್ಲಿನ ನಿವಾಸಿಯೇ ಆಗಿದ್ದಳು.

ಕಾರ್ಡನ್ನು ಅಂಚೆಯಲ್ಲಿ ಕಳಿಸಿದೆವು. ಅಷ್ಟಕ್ಕೇ ಮುಗಿಯಲಿಲ್ಲ. ಹದಿನೈದು ವರ್ಷದಲ್ಲಿ ಎಂಟು ವರ್ಷ ಕಾರ್ಡು ಇಟ್ಟುಕೊಂಡವರು ಅದನ್ನು ಬಿಡುವಾಗ 8854 ಅನ್ನುವ ಇನ್ನೊಂದು ಫಾರ್ಮ್ ಕೊಡಬೇಕು. ಹಿಂದಿನ ಐದು ವರ್ಷ ಎಲ್ಲ ನಿಯಮ ಪಾಲಿಸಿದ್ದೇನೆ ಅಂತ ಅದರಲ್ಲಿ ಪ್ರಮಾಣ ಮಾಡಬೇಕು. ಮಾಡದಿದ್ದರೆ ಇಪ್ಪತ್ತು ಲಕ್ಷ ಡಾಲರಿನ ಕುಳಗಳ ಪಟ್ಟಿಗೇ ನಮ್ಮನ್ನೂ ಸೇರಿಸುತ್ತಾರೆ. ಆಮೇಲೆ ಅಕ್ಕ ಅಲ್ಲಿರುವ ಮಗಳಿಗೆ ಕೊಟ್ಟದ್ದು ವರ್ಷದ ಒಂದು ಮಿತಿ ದಾಟಿದರೆ ಮಗಳು ಶೇಕಡಾ 40 ತೆರಿಗೆ ಕಟ್ಟಬೇಕು. ಸತ್ತ ಮೇಲೆ ಬಿಟ್ಟುಹೋದದ್ದಕ್ಕೂ ಹಾಗೆಯೇ.

"ನಾ ಯಾರ ಗಂಟ ಕದ್ದೇನೋ?" ಅಂತ ಅಕ್ಕ ಅತ್ತಳು. ಅವಳನ್ನು ಸಮಾಧಾನ ಮಾಡಲು ನನಗೆ ಬಾಯಿ ಬರಲಿಲ್ಲ. 'ಇಲ್ಲ' ಅಂತ ಬರೆಸಿದವನು ನಾನೇ ಅಲ್ಲವೇ?

ಆರು ತಿಂಗಳು ನನ್ನ ಭಾನುವಾರಗಳೆಲ್ಲ ಅವಳ ಪಾಸ್‌ಬುಕ್ಕುಗಳಿಗೆ ಹೋದವು. 2017ರಿಂದ 2021ರ ತನಕ ಐದು ವರ್ಷದ ರಿಟರ್ನ್, ಖಾತೆಗಳ ವಿವರ, ತಿಳಿಯದೆ ಆದದ್ದು ಅಂತ ಒಂದು ಹೇಳಿಕೆ. ಬಡ್ಡಿಗೆ ಇಲ್ಲಿ ಕಟ್ಟಿದ ತೆರಿಗೆಯನ್ನು ಅಲ್ಲಿ ವಜಾ ಮಾಡಿದ ಮೇಲೆ ಕೊಡಬೇಕಾದದ್ದು ಅಷ್ಟಿಷ್ಟು. ಆ ಅಷ್ಟಿಷ್ಟಕ್ಕಿಂತ ಅಲ್ಲಿನ ಲೆಕ್ಕಿಗರ ಫೀಸೇ ಜಾಸ್ತಿ!

ಅಂತೂ ಅಕ್ಕ ಬಿಡುಗಡೆಯಾದಳು. ಆಗ ಹೊಸ ಪ್ರಶ್ನೆ ಎದ್ದಿತು. ಹೆಂಡತಿ ಹೊರದೇಶದವಳಾದರೆ ಗಂಡ ಬೇರೆಯಾಗಿ ರಿಟರ್ನ್ ಹಾಕಬೇಕು. ಐದು ಡಾಲರ್ ಆದಾಯವಿದ್ದರೂ ಹಾಕಬೇಕು. ಇದು ತಮಾಷೆಯಲ್ಲ, ನಿಯಮವೇ ಹಾಗಿದೆ. ಇಲ್ಲವೇ ಹೆಂಡತಿಯನ್ನು ನಿವಾಸಿ ಅಂತಲೇ ಭಾವಿಸಿ ಇಬ್ಬರೂ ಕೂಡಿ ಹಾಕಬಹುದು. 2024ರ ಲೆಕ್ಕದಲ್ಲಿ ಕೂಡಿ ಹಾಕಿದರೆ 29,200 ಡಾಲರ್ ವಿನಾಯಿತಿ, ಬೇರೆ ಹಾಕಿದರೆ ಅದರ ಅರ್ಧ. ಭಾವನಿಗೆ ಕೂಡಿಯೇ ಹಾಕುವ ಆಸೆ.

ಆದರೆ ಅದೇ ವರ್ಷ ನವಲಗುಂದದ ಕಡೆಯ ನಮ್ಮಪ್ಪನ ಎರಿ ಹೊಲ ಮಾರಿದ್ದೆವು. ಅರ್ಧ ಅಕ್ಕನಿಗೆ, ಅರ್ಧ ನನಗೆ. ಪಟ್ಟಣದಿಂದ ದೂರದ ಹಳ್ಳಿಯ ಹೊಲವಾದ್ದರಿಂದ ನಮ್ಮ ಕಾನೂನಿನಲ್ಲಿ ಆ ಲಾಭಕ್ಕೆ ತೆರಿಗೆ ಇಲ್ಲ. ಅಮೆರಿಕದಲ್ಲಿ ಈ ವಿನಾಯಿತಿ ಇಲ್ಲ. ಅಕ್ಕ ಕೂಡಿ ಸಹಿ ಹಾಕಿದರೆ, ಅಪ್ಪ ತೀರಿಕೊಂಡ ದಿನದಿಂದ ಈಚೆಗೆ ಏರಿದ ಬೆಲೆಯನ್ನು ಅಲ್ಲಿ ತೋರಿಸಬೇಕು. ಇಲ್ಲಿ ತೆರಿಗೆಯನ್ನೇ ಕಟ್ಟಿಲ್ಲವಲ್ಲ, ಅಲ್ಲಿ ವಜಾ ಮಾಡಲು ಏನೂ ಇಲ್ಲ.

"ಅಪ್ಪ ಹತ್ತಿ ಬೆಳದ ಹೊಲಕ್ಕೂ ಅವರಿಗೂ ಏನ ಸಂಬಂಧ?" ಅಂದಳು ಅಕ್ಕ. ಭಾವ ಸುಮ್ಮನಾದ.

ಬೇರೆ ಹಾಕಿದರೆ ಭಾವನಿಗೆ ಇನ್ನೊಂದು ಪೆಟ್ಟಿತ್ತು. ಬೇರೆ ರಿಟರ್ನ್ ಹಾಕುವ ಗಂಡ-ಹೆಂಡತಿ ವರ್ಷದಲ್ಲಿ ಒಂದು ದಿನವಾದರೂ ಒಂದೇ ಮನೆಯಲ್ಲಿದ್ದರೆ ಅಲ್ಲಿನ ಸೋಶಿಯಲ್ ಸೆಕ್ಯುರಿಟಿ ಪಿಂಚಣಿಗೆ ಕೆಳಗಿನ ಮಿತಿ ಸೊನ್ನೆ. ಅದರ ಶೇಕಡಾ 85ರ ತನಕ ಲೆಕ್ಕಕ್ಕೆ ಬರುತ್ತದೆ. ಇಡೀ ವರ್ಷ ದೂರ ಇದ್ದವರಿಗೆ ಮಾತ್ರ 25,000 ಡಾಲರಿನ ಮಿತಿ ಸಿಗುತ್ತದೆ. ಇದನ್ನು ಓದಿ ಹೇಳಿದಾಗ ಅಕ್ಕ ಚಹಾದ ಕಪ್ಪು ಕೆಳಗಿಟ್ಟು, "ಹಂಗಾದ್ರ ನಾ ಧಾರವಾಡಕ್ಕ ಹೋಗಿ ಇರಲೇನ್ರೀ?" ಅಂದಳು.

ಭಾವ ಬಹಳ ಹೊತ್ತು ಕಾಗದ ನೋಡುತ್ತಾ ಕೂತ. ಆಮೇಲೆ, "ಬ್ಯಾಡ. ಕಟ್ಟಿದರಾತು" ಅಂದ. ಬೇರೆಯಾಗಿಯೇ ರಿಟರ್ನ್ ಹಾಕಿದ.

ಜಂಟಿ ಖಾತೆಯಲ್ಲಿಟ್ಟರೆ ಆ ದುಡ್ಡೂ ಭಾವನ ಫಾರ್ಮಿನಲ್ಲಿ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಅಕ್ಕ ಹೊಲದ ದುಡ್ಡಿಗೆ ತನ್ನೊಬ್ಬಳ ಹೆಸರಿನಲ್ಲಿ ಖಾತೆ ತೆರೆದಳು. ಮದುವೆಯಾದ ಮೇಲೆ ಅವಳ ಹೆಸರೊಂದೇ ಇರುವ ಮೊದಲ ಖಾತೆ. ತಮ್ಮನಾದ್ದರಿಂದ ನಾನು ಅದಕ್ಕೆ ಕೈ ಹಾಕಲಿಲ್ಲ, ಸಹೋದ್ಯೋಗಿಯೊಬ್ಬರು ನೋಡಿಕೊಂಡರು. ಬೇರೆ ದೇಶದ ತೆರಿಗೆ ನಿವಾಸಿಯೇ ಅನ್ನುವ ಕಾಲಂ ಬಂದಾಗ ಅಕ್ಕ ತಲೆಯೆತ್ತಿ ನನ್ನ ಕಡೆ ನೋಡಿದಳು. ನಾನು ಏನೂ ಹೇಳಲಿಲ್ಲ. ಐ-407ರ ಪ್ರತಿಯನ್ನು ಮೇಜಿನ ಮೇಲಿಟ್ಟು, ತಾನೇ 'ಇಲ್ಲ' ಅಂತ ಬರೆದಳು.

ಕೊನೆಯ ಕಾಲಂ ನಾಮಿನಿಯದು. ಯಾರನ್ನೂ ಕೇಳದೆ ಭಾವನ ಹೆಸರು ಬರೆದು, ಸಂಬಂಧ ಅನ್ನುವಲ್ಲಿ 'ಯಜಮಾನರು' ಅಂತ ತುಂಬಿದಳು.

ನಿಮ್ಮ ಮನೆಯಲ್ಲೂ ಸೀರೆಗಳ ಕೆಳಗೆ ಇಂಥದೊಂದು ಹಳೇ ಕಾರ್ಡು ಇದ್ದರೆ ಇವತ್ತೇ ಹೊರಗೆ ತೆಗೆಯಿರಿ. ತಿಳಿದವರನ್ನು ಕೇಳಿ. ನನ್ನಂಥ ತಮ್ಮನ ಮಾತು ನಂಬಿ ಕೂರಬೇಡಿ.