ಮೇಜಿನ ಮೇಲಿನ ವಿಮಾನ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದು ಬೇಕೆಂದು ಸಮಿತಿಯ ಮಿತ್ರರು ನಮ್ಮ ಮನೆಗೆ ಬಂದಾಗ ನಾನು ಮಾಳಿಗೆಯ ಕೋಣೆಯಲ್ಲಿ ವಿಮಾನ ಹಾರಿಸುತ್ತಿದ್ದೆ. ಬ್ಯಾಂಕಿನಿಂದ ನಿವೃತ್ತನಾದ ಮುದುಕನೊಬ್ಬ ಕಂಪ್ಯೂಟರಿನ ಪರದೆಯ ಮುಂದೆ ಕುಳಿತು, ಮುಖ ಗಂಟಿಕ್ಕಿಕೊಂಡು ಹಿಡಿಕೆಯೊಂದನ್ನು ಅತ್ತಿತ್ತ ತಿರುಗಿಸುತ್ತಿದ್ದುದನ್ನು ಕಂಡು ಅವರಿಗೆ ನಗು ಬಂದುದು ಸಹಜವೇ. "ಶಾಲೆಯ ನೆನಪು ಬರೆಯಿರಿ ಎಂದು ಕೇಳಲು ಬಂದೆವು. ನೀವು ಆಕಾಶದಲ್ಲಿದ್ದೀರಿ" ಎಂದರು. ನಾನು ಬರೆಯಲಿರುವುದು ಶಾಲೆಯ ನೆನಪೇ. ಆದರೆ ಅಲ್ಲಿಗೆ ತಲಪಲು ಈ ಯಂತ್ರದ ದಾರಿಯಾಗಿಯೇ ಹೋಗಬೇಕಾಗಿದೆ. ಓದುಗರು ತುಸು ತಾಳ್ಮೆ ತೋರಬೇಕೆಂದು ಕೋರುತ್ತೇನೆ.

ನಮ್ಮದು ಶಾಲೆಯ ಆರಂಭದ ವರ್ಷಗಳ ತಂಡ. 1981ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದವರು ನಾವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿ, ನಮ್ಮ ಕಾಗದಪತ್ರಗಳೆಲ್ಲ ತಿರುವನಂತಪುರದತ್ತ ಮುಖ ಮಾಡಿದ್ದರೂ, ದೊಡ್ಡ ಆಸ್ಪತ್ರೆಗೆ, ಮದುವೆಯ ಜವಳಿಗೆ, ಕಾಲೇಜಿಗೆ ನಾವು ನೋಡುತ್ತಿದ್ದುದು ಮಂಗಳೂರನ್ನೇ. ವಿಮಾನವೆಂದರೂ ಮಂಗಳೂರೇ. 1951ರ ಡಿಸೆಂಬರ್ 25ರಂದು ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಜಪೆಗೆ ಬಂದಿಳಿದುದನ್ನು ನಮ್ಮ ಹಿರಿಯರು ಕಂಡವರಂತೆ ವರ್ಣಿಸುತ್ತಿದ್ದರು. ತರಗತಿಯಲ್ಲಿ ಕುಳಿತಿದ್ದಾಗ ಮೇಲೆ ಗುಡುಗುಟ್ಟಿದರೆ ನಾನು ಕಿಟಕಿಯತ್ತ ತಿರುಗುತ್ತಿದ್ದೆ. ಗಣಿತದ ಮಾಷ್ಟ್ರು ಆಗ ಸೀಮೆಸುಣ್ಣದ ತುಂಡನ್ನು ನನ್ನ ಮೇಲೆ ಎಸೆಯುತ್ತಿದ್ದರು.

ಆ ಮಾಷ್ಟ್ರ ಒಂದು ಅಭ್ಯಾಸವನ್ನು ಇಲ್ಲಿ ಹೇಳಲೇಬೇಕು. ಲೆಕ್ಕದ ಮೂರನೆಯ ಸಾಲಿನಲ್ಲಿ ತಪ್ಪು ನುಸುಳಿದೆಯೆಂದು ತಿಳಿದ ಮೇಲೂ, ಹೇಗಾದರೂ ಒದ್ದಾಡಿ ಪುಸ್ತಕದ ಹಿಂದಿನ ಉತ್ತರಕ್ಕೆ ತಂದು ಸೇರಿಸುವ ಹಠ ನನ್ನದು. ಅವರು ಪುಟದ ಮೇಲಿನಿಂದ ಕೆಳಗಿನವರೆಗೆ ಕೆಂಪು ಶಾಯಿಯ ಗೆರೆ ಎಳೆದು, "ತಪ್ಪಿದ್ದು ಗೊತ್ತಾದ ಮೇಲೆ ಮುಂದೆ ಹೋಗುವುದು ಎಂತಕ್ಕೆ? ಹೊಸ ಪುಟ ತೆಗೆ" ಎನ್ನುತ್ತಿದ್ದರು. ನನ್ನ ಬೆಂಚಿನಲ್ಲೇ ಕುಳಿತಿದ್ದ ಗೆಳೆಯನ ಪುಸ್ತಕದಲ್ಲಿ ಅಂತಹ ಗೆರೆಗಳು ನನ್ನದಕ್ಕಿಂತ ಕಡಿಮೆ. ಅವನು ಸಂದೇಹ ಬಂದೊಡನೆ ತಾನೇ ಹೊಡೆದುಹಾಕುತ್ತಿದ್ದ.

2010ರ ಮೇ 22, ಶನಿವಾರ. ಬೆಳಿಗ್ಗೆ ಆರು ಗಂಟೆ ಕಳೆದ ಕೆಲವೇ ನಿಮಿಷಗಳಲ್ಲಿ ದುಬೈಯಿಂದ ಬಂದ ಬೋಯಿಂಗ್ 737-800 ವಿಮಾನವು ಬಜಪೆಯ ಗುಡ್ಡದ ಮೇಲಿನ ರನ್‌ವೇಯಲ್ಲಿ ನಿಲ್ಲದೆ, ಅಂಚನ್ನು ದಾಟಿ ಕಣಿವೆಗೆ ಉರುಳಿತು. ವಿಮಾನದಲ್ಲಿದ್ದವರು 166 ಮಂದಿ. ಉಳಿದವರು 8. ಆ ದಿನ ದಕ್ಷಿಣ ಕನ್ನಡದಲ್ಲಿಯೂ ನಮ್ಮ ಕಾಸರಗೋಡಿನಲ್ಲಿಯೂ ಎಷ್ಟು ಅಂಗಳಗಳಲ್ಲಿ ಜನ ಸೇರಿತ್ತೆಂಬುದನ್ನು ಈ ಸಂಚಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ. ನನ್ನ ಬೆಂಚಿನ ಗೆಳೆಯನ ತಮ್ಮ ಆ ವಿಮಾನದಲ್ಲಿದ್ದ.

ಏರ್ ಮಾರ್ಷಲ್ ಬಿ. ಎನ್. ಗೋಖಲೆಯವರ ನೇತೃತ್ವದಲ್ಲಿ ತನಿಖೆ ನಡೆಯಿತು. ಆ ಬೆಳಿಗ್ಗೆ ಮಳೆ ಇರಲಿಲ್ಲ, ಗಾಳಿ ಶಾಂತವಾಗಿತ್ತು, ಯಂತ್ರ ಕೆಟ್ಟಿರಲಿಲ್ಲ. ವಿಮಾನವು ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿ ರನ್‌ವೇಯತ್ತ ಬಂದಿತ್ತು. 8,033 ಅಡಿ ಉದ್ದದ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಬಳಿಕ ಅದು ನೆಲ ಮುಟ್ಟಿತ್ತು. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರೋಣವೆಂದು ಸಹ ಪೈಲಟರು ಮೂರು ಬಾರಿ ಹೇಳಿದ್ದರು. ವರದಿಯ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ಗೆಳೆಯ ನನ್ನಲ್ಲಿ ಕೇಳಿದ್ದು ಒಂದೇ ಮಾತು: "ಮೂರು ಸಲ ಹೇಳಿದರಂತೆ. ಮತ್ತೂ ಯಾಕೆ ಇಳಿಸಿದ್ದು ಮಾರಾಯ?" ಬ್ಯಾಂಕಿನ ಲೆಕ್ಕ ಬರೆಯುವ ನನಗೆ ಏನು ಗೊತ್ತು? ಸುಮ್ಮನಿದ್ದೆ. ಆ ಮೌನ ಬಹುಕಾಲ ನನ್ನೊಡನೆಯೇ ಉಳಿಯಿತು. 2020ರ ಆಗಸ್ಟ್ 7ರಂದು ಕೋಝಿಕ್ಕೋಡಿನ ಕರಿಪುರದಲ್ಲಿ, ಅಂತಹುದೇ ಗುಡ್ಡದ ರನ್‌ವೇಯಲ್ಲಿ, ಅದೇ ಮಾದರಿಯ ವಿಮಾನ ಸುರಿಮಳೆಯಲ್ಲಿ ಜಾರಿ 21 ಮಂದಿ ತೀರಿಕೊಂಡಾಗ ಗೆಳೆಯ ಪುನಃ ಫೋನು ಮಾಡಿದ. ಕೇಳಿದ್ದೂ ಅದೇ ಪ್ರಶ್ನೆ.

ನಿವೃತ್ತಿಯ ಬಳಿಕ ಊರಿಗೆ ಬಂದು ನೆಲೆಸಿದಾಗ, ಬೆಂಗಳೂರಿನಲ್ಲಿರುವ ಮಗ ತನ್ನ ಕಂಪ್ಯೂಟರನ್ನು ನನಗೆ ಕೊಟ್ಟ. ಅದರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಫ್ಲೈಟ್ ಸಿಮ್ಯುಲೇಟರ್ ಇತ್ತು. ಬ್ರೂಸ್ ಆರ್ಟ್‌ವಿಕ್ ಎಂಬವರು ಹಿಂದೆ ಆಪಲ್ ಕಂಪ್ಯೂಟರಿಗಾಗಿ ರಚಿಸಿದ್ದ ಕಾರ್ಯಕ್ರಮವೊಂದರಿಂದ ಬೆಳೆದು, 1982ರಲ್ಲಿ ಮೈಕ್ರೋಸಾಫ್ಟ್ ಹೆಸರಿನಲ್ಲಿ ಹೊರಬಂದ ತಂತ್ರಾಂಶ ಇದು. 2020ರ ಆವೃತ್ತಿಯಲ್ಲಿ ಭೂಮಿಯ ನೆಲವನ್ನೆಲ್ಲ ಉಪಗ್ರಹ ಚಿತ್ರಗಳ ಆಧಾರದಿಂದ ಮೂಡಿಸಿದ್ದಾರೆ. ಪರದೆಯ ಮೇಲೆ ಚಂದ್ರಗಿರಿ ಹೊಳೆಯನ್ನೂ ಕುಂಬಳೆಯ ಕರಾವಳಿಯನ್ನೂ ಕಂಡು ಮೊದಲ ವಾರ ಮೈಮರೆತೆ. ಎರಡನೆಯ ವಾರ ಬೇಸರವಾಯಿತು. ತಂತ್ರಾಂಶದೊಡನೆ ಬಂದ ದೊಡ್ಡ ವಿಮಾನದಲ್ಲಿ ಅರ್ಧದಷ್ಟು ಗುಂಡಿಗಳು ಬರಿಯ ಚಿತ್ರಗಳಂತಿದ್ದವು. ನಾನು ಎಂತಹ ತಪ್ಪು ಮಾಡಿದರೂ ಅದು ಮನ್ನಿಸುತ್ತಿತ್ತು. ಗೆಳೆಯನ ಪ್ರಶ್ನೆಗೆ ಇದರಿಂದ ಉತ್ತರ ಸಿಗುವಂತಿರಲಿಲ್ಲ.

ಇಂತಹವರಿಗಾಗಿಯೇ ಬೇರೆ ಸಂಸ್ಥೆಗಳು ಒಂದೊಂದು ವಿಮಾನವನ್ನು ಯಥಾವತ್ತಾಗಿ ರೂಪಿಸಿ ಪ್ರತ್ಯೇಕವಾಗಿ ಒದಗಿಸುತ್ತವೆಂದು ಮಗನಿಂದ ತಿಳಿಯಿತು. ಇವಕ್ಕೆ ಆ್ಯಡ್-ಆನ್ ಎನ್ನುತ್ತಾರೆ. ಕೆಲವಕ್ಕೆ ಸಾವಿರಾರು ರೂಪಾಯಿ ಬೆಲೆ. ಕೆಲವನ್ನು ಹವ್ಯಾಸಿಗಳೇ ಕೂಡಿ ಮಾಡಿ ಉಚಿತವಾಗಿ ಹಂಚುತ್ತಾರೆ. ನನ್ನ ಮುಂದೆ ಮುಖ್ಯವಾಗಿ ನಾಲ್ಕು ಆಯ್ಕೆಗಳಿದ್ದವು. ಫ್ಲೈಬೈವೈರ್ ಎಂಬ ತಂಡದ ಉಚಿತ ಏರ್‌ಬಸ್ 320. 2022ರಲ್ಲಿ ಬಂದ ಫೀನಿಕ್ಸ್‌ನವರ ಏರ್‌ಬಸ್ 320. ಅದೇ ವರ್ಷ ಬಂದ ಪಿ.ಎಂ.ಡಿ.ಜಿ.ಯವರ ಬೋಯಿಂಗ್ 737. ಎಕ್ಸ್-ಪ್ಲೇನ್ ಎಂಬ ಇನ್ನೊಂದು ಸಿಮ್ಯುಲೇಟರಿಗೆಂದೇ ಇರುವ, ಝಿಬೋ ಎಂಬ ಹೆಸರಿನ ಉಚಿತ 737-800. ಎಲ್ಲವೂ ಹೆಸರಾದವೇ.

ಆರಿಸುವುದು ಹೇಗೆ? ಚಿತ್ರಗಳನ್ನು ನೋಡಿ ಆರಿಸಬಾರದೆಂದು ಬೇಗನೆ ಅರಿವಾಯಿತು. ಪೈಲಟರ ಕುರ್ಚಿಯ ತೋಳು ಸವೆದಿರುವುದನ್ನು ಸಹ ಬಿಡಿಸುವ ಕುಶಲಿಗಳಿದ್ದಾರೆ. ಅದು ಕಣ್ಣಿನ ನಿಜ. ನನಗೆ ಬೇಕಾಗಿದ್ದುದು ಒಳಗಿನ ನಿಜ. ಉದಾಹರಣೆಗೆ, 737ರ ಎಂಜಿನನ್ನು ತಿರುಗಿಸಲು ಗಾಳಿಯ ಒತ್ತಡ ಬೇಕು. ಕ್ಯಾಬಿನ್ನಿಗೆ ತಂಪುಗಾಳಿ ಕೊಡುವ ಯಂತ್ರಗಳನ್ನು ನಿಲ್ಲಿಸಲು ಮರೆತರೆ ಆ ಒತ್ತಡ ಅವುಗಳಿಗೆ ಹರಿದುಹೋಗುತ್ತದೆ. ಒಳ್ಳೆಯ ಪ್ರತಿರೂಪದಲ್ಲಿ ಈ ಮರೆವು ಒತ್ತಡದ ಮುಳ್ಳಿನಲ್ಲಿ ಕಾಣಿಸಬೇಕು. ರೆಕ್ಕೆಯ ಫ್ಲ್ಯಾಪನ್ನು 40ರವರೆಗೆ ಇಳಿಸಿಟ್ಟು 162 ನಾಟಿನ ಮಿತಿಯನ್ನು ದಾಟಿದರೆ, ವಿಮಾನವು ತಾನಾಗಿಯೇ ಅದನ್ನು 30ಕ್ಕೆ ಎಳೆದುಕೊಳ್ಳಬೇಕು. ಸರಿಯಾಗಿ ನಡೆಸಿದಾಗ ಎಲ್ಲ ವಿಮಾನಗಳೂ ಚೆನ್ನಾಗಿಯೇ ಹಾರುತ್ತವೆ. ನಾವು ತಪ್ಪಿದಾಗ ಅದು ಹೇಗೆ ವರ್ತಿಸುತ್ತದೆಂಬುದನ್ನು ನೋಡಿ ಕೊಳ್ಳಬೇಕು.

ಏರ್‌ಬಸ್ಸಿನ ಪರವಾಗಿ ಬಲವಾದ ಕಾರಣಗಳಿದ್ದುವು. ಅದರ ಪೈಲಟರ ಪಕ್ಕದಲ್ಲಿರುವುದು ಚಿಕ್ಕ ಹಿಡಿಕೆ. ನನ್ನ ಮೇಜಿನ ಮೇಲಿದ್ದುದೂ ಅದರಂತಹುದೇ. ಅದರಲ್ಲಿ ಎಂಜಿನಿನ ಸನ್ನೆಗಳನ್ನು ಒಂದು ಗುರುತಿನಲ್ಲಿ ಇಟ್ಟರೆ ಕಂಪ್ಯೂಟರು ಶಕ್ತಿಯನ್ನು ಹೆಚ್ಚು ಕಡಿಮೆ ಮಾಡುವಾಗಲೂ ಅವು ಕದಲುವುದಿಲ್ಲ. ಬೋಯಿಂಗಿನಲ್ಲಿ ಸನ್ನೆಗಳು ತಾವೇ ಹಿಂದೆ ಮುಂದೆ ಸರಿಯುತ್ತವೆ. ಮನೆಯ ಅಗ್ಗದ ಉಪಕರಣದಲ್ಲಿ ಅದು ಸಾಧ್ಯವಿಲ್ಲ. ಬರಿಯ ಹವ್ಯಾಸಕ್ಕಾಗಿ, ಮೇಜಿನ ಮೇಲೆ ಒಂದು ಹಿಡಿಕೆಯನ್ನಷ್ಟೇ ಇಟ್ಟುಕೊಂಡು ಆರಂಭಿಸುವವರು ಯಾರಾದರೂ ನನ್ನ ಸಲಹೆ ಕೇಳಿದರೆ, ಮೊದಲು ಉಚಿತವಾದ ಏರ್‌ಬಸ್ಸನ್ನು ಕಲಿಯಿರಿ, ಹಣವನ್ನು ಆಮೇಲೆ ಖರ್ಚು ಮಾಡಿ ಎಂದೇ ಹೇಳುತ್ತೇನೆ.

ಆದರೆ ನನಗೆ ಬೇಕಾದ ವಿಮಾನ ಯಾವುದೆಂಬುದು 2010ರಲ್ಲಿಯೇ ನಿರ್ಧಾರವಾಗಿಬಿಟ್ಟಿತ್ತು. ಎರಡು 737ಗಳಲ್ಲಿ ಯಾವುದೆಂಬುದಷ್ಟೇ ಉಳಿದ ಪ್ರಶ್ನೆ. ಉಚಿತವಾದ ಝಿಬೋವನ್ನು ಬಲ್ಲವರು ಬಹಳ ಹೊಗಳುತ್ತಾರೆ. ಆದರೆ ಬಜಪೆಯ ಗುಡ್ಡವನ್ನೂ ಅದರ ಅಂಚಿನ ಇಳಿಜಾರನ್ನೂ ನಾನು ಆಗಲೇ ಕಂಡಿದ್ದುದು ಮೈಕ್ರೋಸಾಫ್ಟಿನ ಪರದೆಯಲ್ಲಿ. ಆದ್ದರಿಂದ ಪಿಂಚಣಿಯ ಹಣದಿಂದ ಪಿ.ಎಂ.ಡಿ.ಜಿ.ಯ 737-800ನ್ನು ಕೊಂಡೆ. ಮನೆಯಾಕೆ ಬೆಲೆ ಕೇಳಿದಾಗ ಸ್ವಲ್ಪ ಕಡಿಮೆ ಹೇಳಿದೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಕೊಂಡ ಮೇಲೆ ನಾಲ್ಕು ತಿಂಗಳು ಕೇವಲ ಓದು. ಬ್ಯಾಂಕಿನ ಬಡ್ತಿ ಪರೀಕ್ಷೆಗೂ ನಾನು ಅಷ್ಟು ಓದಿರಲಿಲ್ಲ. ಇಳಿಯುವ ವಿಮಾನವು ಸುಮಾರು ಮೂರು ಡಿಗ್ರಿಯ ಇಳಿಜಾರಿನಲ್ಲಿ, ಪ್ರತಿ ನಾಟಿಕಲ್ ಮೈಲಿಗೆ ಸರಿಸುಮಾರು 300 ಅಡಿ ಇಳಿಯುತ್ತ ಬರಬೇಕು. ನೆಲ ಇನ್ನೂ 1,000 ಅಡಿ ಇರುವಾಗಲೇ, ದೃಷ್ಟಿ ನಿಚ್ಚಳವಾಗಿದ್ದರೆ 500 ಅಡಿಯಲ್ಲಾದರೂ, ವೇಗ, ಎತ್ತರ, ದಿಕ್ಕು ಎಲ್ಲವೂ ಹದಕ್ಕೆ ಬಂದಿರಬೇಕು. ಬರದಿದ್ದರೆ ಇಳಿಯುವುದನ್ನು ಬಿಟ್ಟು ಮೇಲೇರಬೇಕು. ಇದು ಎಲ್ಲ ಪೈಲಟರಿಗೂ ಕಲಿಸುವ ಪಾಠ. 737-800 ಗಾಳಿಯಲ್ಲಿ ನುಣುಪಾಗಿ ಜಾರುವ ವಿಮಾನ. ಎತ್ತರವನ್ನು ಕಳೆಯಲು ಮೂತಿ ತಗ್ಗಿಸಿದರೆ ವೇಗ ಏರುತ್ತದೆ. ವೇಗವನ್ನು ಕಳೆಯಲು ಮೂತಿ ಎತ್ತಿದರೆ ಎತ್ತರ ಉಳಿದುಬಿಡುತ್ತದೆ. ಎರಡನ್ನೂ ಒಟ್ಟಿಗೆ ಕಳೆಯುವುದು ಕಷ್ಟವೆಂಬುದನ್ನು ಪುಸ್ತಕದಲ್ಲಿ ಓದಿದ್ದೆ. ಪ್ರತಿರೂಪವು ಅದನ್ನು ಕೈಗೆ ಕಲಿಸಿತು.

ಕಳೆದ ಮಳೆಗಾಲದ ಒಂದು ಸಂಜೆ ಗೆಳೆಯ ಮನೆಗೆ ಬಂದ. "ನೀನು ವಿಮಾನ ಬಿಡುತ್ತೀಯಂತೆ. ನೋಡುವಾ" ಎಂದ. ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದು ಕುಳ್ಳಿರಿಸಿದೆ. ಎತ್ತರ ತೋರಿಸುವ ಅಂಕಿ ಯಾವುದು, ವೇಗದ್ದು ಯಾವುದು, ಎಲ್ಲಿ ಎಷ್ಟಿರಬೇಕು ಎಂದು ಕಾಗದದಲ್ಲಿ ಬರೆದುಕೊಟ್ಟೆ. ಬಜಪೆಗೆ ಪೂರ್ವದ ಕಡೆಯಿಂದ ಬರುವ ದಾರಿಯನ್ನು ಹಿಡಿದೆ. ಅಪಘಾತವನ್ನು ಆಡಿ ತೋರಿಸುವ ಉದ್ದೇಶ ನನಗೆ ಖಂಡಿತ ಇರಲಿಲ್ಲ. ಚಂದದ ಒಂದು ಇಳಿತವನ್ನು ತೋರಿಸಿ ಶಹಭಾಸ್ ಎನಿಸಿಕೊಳ್ಳುವುದಷ್ಟೇ ಆಸೆ. ಆದರೆ ಮಾತಿನ ಭರದಲ್ಲಿ ಕೆಳಗಿಳಿಯಲು ತಡಮಾಡಿದೆ. "ನೀನು ಬರೆದದ್ದಕ್ಕಿಂತ ಇದು ಹೆಚ್ಚಾಯಿತಲ್ಲ?" ಎಂದ ಗೆಳೆಯ. "ಆಗುತ್ತದೆ, ಆಗುತ್ತದೆ" ಎಂದು ಮೂತಿ ತಗ್ಗಿಸಿದೆ. ವೇಗ ಏರಿತು. "ಬೇಡ ಮಾರಾಯ, ಬಿಡು" ಎಂದ. ನನಗೆ ರನ್‌ವೇ ಕಾಣುತ್ತಿತ್ತು. ಅಷ್ಟು ಸ್ಪಷ್ಟವಾಗಿ ಕಾಣುವುದನ್ನು ಬಿಟ್ಟು ಹೋಗುವುದು ಹೇಗೆ? ಯಂತ್ರ ಎಚ್ಚರಿಕೆಯ ದನಿಯಲ್ಲಿ ಕೂಗತೊಡಗಿತ್ತು. ಅದು ಕಿವಿಗೆ ಬಿದ್ದರೂ ಮನಸ್ಸಿಗೆ ತಾಗಲಿಲ್ಲ. ಅರ್ಧಕ್ಕಿಂತ ಹೆಚ್ಚು ರನ್‌ವೇ ಕಳೆದ ಮೇಲೆ ಚಕ್ರಗಳು ನೆಲ ಮುಟ್ಟಿದವು. ತುದಿಯ ಬಿಳಿ ಗೆರೆಗಳು ಎದುರಿಗೆ ಬಂದವು, ಕಳೆದುಹೋದವು. ಪರದೆ ಕಪ್ಪಾಯಿತು.

ಕೋಣೆಯಲ್ಲಿ ಮಳೆಯ ಸದ್ದೊಂದೇ. ಎಷ್ಟೋ ಹೊತ್ತಿನ ಮೇಲೆ ಗೆಳೆಯ ಹೇಳಿದ: "ನಾನು ಎರಡು ಸಲ ಹೇಳಿದೆ ನಿನಗೆ."

ನನಗೆ ನಿದ್ದೆಯ ಮಂಪರಿರಲಿಲ್ಲ, ಹಿಂದೆ ಪ್ರಯಾಣಿಕರಿರಲಿಲ್ಲ, ಮೇಲಧಿಕಾರಿಗಳಿಗೆ ವಿವರಣೆ ಕೊಡಬೇಕಾಗಿರಲಿಲ್ಲ. ಗೆಳೆಯನ ಮುಂದೆ ಚಂದವಾಗಿ ಇಳಿಸಬೇಕೆಂಬ ಒಂದು ಸಣ್ಣ ಆಸೆ ಇತ್ತು. ಅಷ್ಟೇ ಸಾಕಾಗಿತ್ತು. ಮೇಜಿನ ಮುಂದೆ ಕುಳಿತು ಆಡುವವನಿಗೆ, ಗತಿಸಿದ ಪೈಲಟರ ಮೇಲೆ ತೀರ್ಪು ಕೊಡುವ ಅರ್ಹತೆ ಇಲ್ಲ. ಆ ಬೆಳಗಿನ ದಣಿವೂ ಭಯವೂ ಯಾವ ತಂತ್ರಾಂಶದಲ್ಲಿಯೂ ಇಲ್ಲ. ಆದರೆ ಹದಿನಾಲ್ಕು ವರ್ಷ ನನ್ನೊಡನೆ ಉಳಿದಿದ್ದ ಪ್ರಶ್ನೆಯ ಉತ್ತರದ ಒಂದು ಚೂರನ್ನು ಆ ಸಂಜೆ ನನ್ನ ಕೈಯೇ ನನಗೆ ತೋರಿಸಿತು. ಗೆಳೆಯನಿಗೂ ಅದು ಕಂಡಿರಬೇಕು. ಅವನು ನನ್ನನ್ನು ಬೈಯಲಿಲ್ಲ. "ಇನ್ನೊಮ್ಮೆ ಮಾಡು" ಎಂದಷ್ಟೇ ಹೇಳಿದ.

ಮತ್ತೆ ಅದೇ ದಾರಿ ಹಿಡಿದು ಬಂದೆ. ಈ ಬಾರಿ ಎತ್ತರ ಹೆಚ್ಚಿದ ಕೂಡಲೇ ಅವನು "ಬಿಡು" ಎಂದ. ನಾನು ಸನ್ನೆಯ ಬಳಿಯ ಗುಂಡಿಯನ್ನು ಒತ್ತಿದೆ. ಎಂಜಿನುಗಳು ಮೊರೆದವು. ಮೂತಿಯನ್ನು ಹದಿನೈದು ಡಿಗ್ರಿಯಷ್ಟು ಎತ್ತಿ, ಫ್ಲ್ಯಾಪನ್ನು 15ಕ್ಕೆ ತಂದೆ. ವಿಮಾನ ಏರುತ್ತಿರುವುದು ಖಚಿತವಾದ ಮೇಲೆ ಚಕ್ರಗಳನ್ನು ಮಡಚಿದೆ. ಬಜಪೆಯ ಗುಡ್ಡ ಕೆಳಗೆ ಸರಿದು ಕಡಲು ಕಾಣಿಸಿತು. ಕೈಗಳಿಗೆ ಅದು ಕೆಲವೇ ಕ್ಷಣಗಳ ಕೆಲಸ. ಗೆಳೆಯ ಪರದೆಯನ್ನೇ ನೋಡುತ್ತ ಕುಳಿತಿದ್ದ. ಆಮೇಲೆ ಒಮ್ಮೆಲೇ ನಕ್ಕು, "ಹೊಸ ಪುಟ ತೆಗೆದಿ ನೋಡು" ಎಂದ. ನಮ್ಮಿಬ್ಬರಿಗೂ ಆ ಕೆಂಪು ಶಾಯಿ ನೆನಪಾಗಿತ್ತು.

ಅಂದಿನಿಂದ ಅವನು ತಿಂಗಳಿಗೊಮ್ಮೆಯಾದರೂ ಬರುತ್ತಾನೆ, ಬಲಗಡೆಯ ಕುರ್ಚಿಯಲ್ಲಿ ಕುಳಿತು ಅಂಕಿಗಳನ್ನು ಓದುತ್ತಾನೆ. ಅವನು "ಬಿಡು" ಎಂದರೆ ನಾನು ಎದುರಾಡದೆ ಬಿಡುತ್ತೇನೆ. ಅದು ನಮ್ಮೊಳಗಿನ ಒಪ್ಪಂದ. ನಮಗೆ ಲೆಕ್ಕ ಕಲಿಸಿದ ಮಾಷ್ಟ್ರು ಇಂದು ಇಲ್ಲ. ಅವರು ನಿಂತು ಪಾಠ ಹೇಳಿದ ಕೋಣೆ ಇದೆ, ಅಲ್ಲಿ ಇಂದಿಗೂ ಕನ್ನಡದಲ್ಲಿಯೇ ಲೆಕ್ಕ ಬಿಡಿಸುವ ಮಕ್ಕಳಿದ್ದಾರೆ. ಐವತ್ತು ತುಂಬಿದ ನಮ್ಮ ಶಾಲೆ ನೂರನ್ನೂ ಕಾಣಲಿ ಎಂದು ಹಾರೈಸುತ್ತ, ಆ ಕೋಣೆಯ ಕಿಟಕಿಯಿಂದ ಆಕಾಶ ನೋಡುವ ಮಗು ಈಗಲೂ ಒಂದಾದರೂ ಇದ್ದರೆ, ಅದರ ಮೇಲೆ ಸೀಮೆಸುಣ್ಣದ ತುಂಡನ್ನು ತುಸು ಮೆಲ್ಲಗೆ ಎಸೆಯಬೇಕೆಂದು ಅಧ್ಯಾಪಕರಲ್ಲಿ ವಿನಂತಿಸುತ್ತೇನೆ.